ಕೊಂಬಿನ ಶ್ರುತಿಗೆ ಗಿಟಾರು: ಪಳಗಿದ ಗೆಳೆಯರೊಡನೆ ಕೊಡಗಿನಲ್ಲಿ ನೆಲದ ಹಾಡಿನ ತಂಡ ಕಟ್ಟುವ ಬಗೆ

ಆರ್ಕೆಸ್ಟ್ರಾ, ಭಜನಾ ಮಂಡಳಿ, ಚರ್ಚಿನ ಗಾಯನವೃಂದ, ಮದುವೆಮನೆಯ ವಾಲಗ, ಹೀಗೆ ಬೇರೆ ಬೇರೆ ಕಡೆ ಇಪ್ಪತ್ತು ಮೂವತ್ತು ವರ್ಷ ನುಡಿಸಿ ಕೈ ಪಳಗಿದ ಗೆಳೆಯರು ಒಂದು ಸಂಜೆ ಜಗಲಿಯಲ್ಲಿ ಕುಳಿತಾಗ, ನಮ್ಮ ನೆಲದ ಹಾಡುಗಳದ್ದೇ ಒಂದು ತಂಡ ಕಟ್ಟಬಾರದೇಕೆ ಎಂಬ ಮಾತು ತಾನಾಗಿ ಬರುತ್ತದೆ. ಕೊಡಗಿನಲ್ಲಿ ಈ ಮಾತು ಹಲವು ಜಗಲಿಗಳಲ್ಲಿ ಹುಟ್ಟಿದೆ. ಅವುಗಳಲ್ಲಿ ಬಹುಪಾಲು ಮೂರನೆಯ ಅಭ್ಯಾಸದ ಹೊತ್ತಿಗೆ ಆರಿಹೋಗಿವೆ. ಹೊಸಬರ ತಂಡದ ತೊಡಕು ನುಡಿಸಲು ಬಾರದಿರುವುದರಿಂದ ಹುಟ್ಟುತ್ತದೆ. ಅನುಭವಿಗಳ ತಂಡದಲ್ಲಿ ಎಲ್ಲರಿಗೂ ಬಹಳ ಬರುತ್ತದೆ, ಹಾಗೆ ಬರುವುದೆಲ್ಲವೂ ಒಂದೇ ಹಾಡಿನಲ್ಲಿ ಕೇಳಿಸಬೇಕೆಂಬ ಆಸೆಯೂ ಇರುತ್ತದೆ. ನಾನು ಗಿಟಾರ್ ಹಿಡಿದು ಇಂತಹ ಎರಡು ತಂಡಗಳಲ್ಲಿ ಇದ್ದವನು. ಮೊದಲನೆಯದು ಮುರಿಯಿತು, ಎರಡನೆಯದು ನಿಂತಿದೆ. ಇವೆರಡರಿಂದ ನಾನು ತಿಳಿದುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಶ್ರುತಿ, ವೇಗ, ಹಾಡಿನ ಅಳತೆ ಮತ್ತು ಸಂಭಾವನೆ, ಈ ನಾಲ್ಕರಲ್ಲಿಯೂ ಹೊಸ ವಾದ್ಯದವರು ಹಳೆಯ ವಾದ್ಯದವರ ಹೆಜ್ಜೆಗೆ ಹೆಜ್ಜೆ ಇಡಬೇಕು. ಮುಂದಿನ ಸಲಹೆಗಳೆಲ್ಲ ಈ ಮಾತಿನಿಂದ ಹೊರಟವು.

ಯಾರು ಯಾರು ಕೂಡಬೇಕು

ಐದರಿಂದ ಏಳು ಜನ ಸಾಕು. ಒಂದು ಜೀಪು ಅಥವಾ ಒಂದು ವ್ಯಾನಿನಲ್ಲಿ ವಾದ್ಯಗಳ ಸಮೇತ ಎಲ್ಲರೂ ಹಿಡಿಸಬೇಕೆಂಬುದು ನಮ್ಮ ಬೆಟ್ಟದ ರಸ್ತೆಗಳು ವಿಧಿಸುವ ನಿಯಮ. ಮಡಿಕೇರಿಯಿಂದ ವಿರಾಜಪೇಟೆಗಾಗಲಿ ಕುಶಾಲನಗರಕ್ಕಾಗಲಿ 30 ಕಿ.ಮೀ. ಸುಮಾರು ದೂರವಿದ್ದು, ಮಂಜು ಕವಿದ ರಾತ್ರಿ ಎರಡು ವಾಹನಗಳಲ್ಲಿ ಹಿಂದಿರುಗುವುದು ಖರ್ಚಿಗೂ ಒಳ್ಳೆಯದಲ್ಲ, ಜೀವಕ್ಕೂ ಒಳ್ಳೆಯದಲ್ಲ.

ತಂಡದ ಬೆನ್ನೆಲುಬಾಗಿ ದುಡಿ ಎಂಬ ಚಿಕ್ಕ ಚರ್ಮವಾದ್ಯ ಹಿಡಿದು ಹಾಡಬಲ್ಲ ಕನಿಷ್ಠ ಇಬ್ಬರು ಇರಬೇಕು. ದುಡಿಕೊಟ್ಟ್ ಪಾಟ್ ಎಂಬ ಕೊಡವ ಹಾಡುಗಾರಿಕೆಯಲ್ಲಿ ಸಾಮಾನ್ಯವಾಗಿ ನಾಲ್ವರು ಹಾಡುತ್ತಾರೆ; ಇಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನಿಬ್ಬರು ಹಿಡಿದು ಮುಂದಕ್ಕೆ ಒಯ್ಯುತ್ತಾರೆ. ಒಬ್ಬರೇ ಹಾಡುಗಾರರನ್ನು ಕರೆತಂದು ಎದುರುದನಿಯನ್ನು ನಮ್ಮಂಥವರು ಕೊಟ್ಟರಾಯಿತು ಎಂದು ನಾವು ಮೊದಲು ಭಾವಿಸಿದ್ದೆವು. ಅದು ನಡೆಯಲಿಲ್ಲ. ಸಾಲಿನ ಕೊನೆಯ ಉಸಿರನ್ನು ಎಲ್ಲಿ ಬಿಡಬೇಕು, ಎದುರಿನವರು ಅದನ್ನು ಎಲ್ಲಿ ಎತ್ತಿಕೊಳ್ಳಬೇಕು ಎಂಬುದು ಜೊತೆಗಾರರು ವರ್ಷಗಟ್ಟಲೆ ಕೂಡಿ ಹಾಡಿ ಗಳಿಸಿಕೊಂಡ ಒಪ್ಪಂದವಾಗಿರುತ್ತದೆ. ಆದ್ದರಿಂದ ಹಾಡುಗಾರರನ್ನು ಜೋಡಿಯಾಗಿಯೇ ಕರೆಯಿರಿ.

ವಾಲಗ ಊದುವವರಲ್ಲಿ ಒಬ್ಬರು, ಸಾಧ್ಯವಾದರೆ ಕೊಂಬು ಎಂಬ ಬಾಗಿದ ಕಹಳೆಯವರೊಬ್ಬರು, ಇವರ ಜೊತೆಗೆ ಪಿಟೀಲು ಅಥವಾ ಕೊಳಲು, ಒಂದು ಗಿಟಾರು, ಬೇಕಿದ್ದರೆ ಒಂದು ಬೇಸ್ ಗಿಟಾರು ಇದ್ದರೆ ತಂಡ ತುಂಬಿತು. ಡ್ರಮ್ ಸೆಟ್ ಬೇಡವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ದುಡಿಯ ದನಿ ಸಣ್ಣದು, ಸೂಕ್ಷ್ಮವಾದುದು. ಸಿಂಬಲ್ಲುಗಳ ಸದ್ದು ಅದನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ, ದುಡಿ ಕೇಳಿಸದ ಮೇಲೆ ಈ ತಂಡವನ್ನು ಕಟ್ಟಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಕೊಡಗೆಂದರೆ ಕೊಡವ ಹಾಡುಗಳಷ್ಟೇ ಅಲ್ಲವೆಂಬುದನ್ನು ಜನರನ್ನು ಕೂಡಿಸುವಾಗಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅರೆಭಾಷೆ ಎಂಬ ಕನ್ನಡದ ಒಳನುಡಿಯಾಡುವ ಮನೆಗಳಲ್ಲಿ ಸೋಬಾನೆ ಬಲ್ಲ ಹೆಂಗಸರಿದ್ದಾರೆ. ಸೋಮವಾರಪೇಟೆಯ ಕಡೆ ಸುಗ್ಗಿಯ ಕುಣಿತದ ಗತ್ತು ಬಲ್ಲವರಿದ್ದಾರೆ. ಯರವ ಮತ್ತು ಕುರುಬ ಬುಡಕಟ್ಟುಗಳ ಹಾಡಿಗಳಲ್ಲಿ, ಅಂದರೆ ಅವರ ಕೇರಿಗಳಲ್ಲಿ, ಅವರದೇ ಆದ ವಾದ್ಯಗಳೂ ಹಾಡುಗಳೂ ಇವೆ. ಎಲ್ಲವನ್ನೂ ಒಂದೇ ತಂಡಕ್ಕೆ ತುರುಕಲು ಸಾಧ್ಯವಿಲ್ಲ, ತುರುಕಲೂ ಬಾರದು. ನಿಮ್ಮ ಗೆಳೆಯರ ಬಳಗದಲ್ಲಿ ಯಾವ ಹಾಡನ್ನು ಮನೆಯಿಂದಲೇ ಕಲಿತು ಬಂದವರು ಇದ್ದಾರೋ ಆ ಹಾಡಿನಿಂದ ಆರಂಭಿಸಿರಿ. ನಾನು ಅರೆಭಾಷೆಯ ಮನೆಯವನು. ನಮ್ಮ ತಂಡದಲ್ಲಿ ಸೋಬಾನೆ ಸೇರಿದ್ದು ನನ್ನ ಅತ್ತಿಗೆ ಅಭ್ಯಾಸ ನೋಡಲು ಬಂದು, ಗಂಡಸರು ತಪ್ಪಾಗಿ ಹಾಡುತ್ತಿದ್ದ ಸಾಲನ್ನು ತಿದ್ದಿ, ತಾವೇ ಹಾಡಿಕೊಟ್ಟ ದಿನ.

ಶ್ರುತಿಯನ್ನು ಯಾರು ನಿರ್ಧರಿಸಬೇಕು

ಎಲ್ಲಕ್ಕಿಂತ ಮೊದಲು ಬಗೆಹರಿಯಬೇಕಾದದ್ದು ಶ್ರುತಿಯ ಪ್ರಶ್ನೆ, ಮತ್ತು ಅನುಭವಿ ತಂಡಗಳು ಸಾಮಾನ್ಯವಾಗಿ ಎಡವುವುದೂ ಇಲ್ಲಿಯೇ. ಗಿಟಾರ್ ಮತ್ತು ಕೀಬೋರ್ಡಿನವರು ಪಾಶ್ಚಾತ್ಯ ವಾದ್ಯಗಳ ಶ್ರುತಿಗೆ ಮೂಲವಾದ 440 ಹರ್ಟ್ಸಿನ ಅಳತೆಗೆ ಒಗ್ಗಿಹೋಗಿದ್ದು, ಉಳಿದವರೆಲ್ಲ ಅದಕ್ಕೆ ಕೂಡಿಕೊಳ್ಳಲಿ ಎಂದು ನಿರೀಕ್ಷಿಸುತ್ತಾರೆ. ಕೊಂಬು ಹಾಗೆ ಕೂಡಿಕೊಳ್ಳಲಾರದು. ಬಾಗಿದ ಆ ಲೋಹದ ಕೊಳವೆಯಲ್ಲಿ ಬೆರಳಿಟ್ಟು ನುಡಿಸಲು ರಂಧ್ರಗಳಿಲ್ಲ. ಊದುವವರು ತುಟಿಯ ಬಿಗಿಯನ್ನು ಬದಲಿಸಿದಾಗ ಕೊಳವೆಯ ಉದ್ದಕ್ಕೆ ಸಹಜವಾದ ಅನುಸ್ವರಗಳು, ಅಂದರೆ ಷಡ್ಜ, ಪಂಚಮ, ಮೇಲಿನ ಷಡ್ಜ ಮತ್ತು ಅದರ ಮೇಲಿನ ಕೆಲವು ಸ್ವರಗಳು ಮಾತ್ರ ಹೊರಡುತ್ತವೆ. ಆ ಷಡ್ಜ ಎಲ್ಲಿದೆಯೋ ಅಲ್ಲಿಯೇ ಇರುತ್ತದೆ. ವಾಲಗದ ತುದಿಗೆ ಸಿಕ್ಕಿಸಿ ಊದುವ ಪೀಪಿಯನ್ನು ಸ್ವಲ್ಪ ಒಳಕ್ಕೆ ತಳ್ಳಿದರೆ ಶ್ರುತಿ ಏರುತ್ತದೆ, ಹೊರಕ್ಕೆಳೆದರೆ ಇಳಿಯುತ್ತದೆ. ಆದರೆ ಆ ಅವಕಾಶವೂ ಬಹಳ ಕಿರಿದು. ಹೀಗಿರುವಾಗ ಮೂರು ನಿಮಿಷದಲ್ಲಿ ಆರು ತಂತಿಗಳನ್ನೂ ತಿರುಗಿಸಿಕೊಳ್ಳಬಲ್ಲ ಗಿಟಾರಿನವರು ಹಟ ಹಿಡಿಯುವುದರಲ್ಲಿ ನ್ಯಾಯವಿಲ್ಲ.

ಮೊದಲ ದಿನ ಮಾಡಬೇಕಾದ ಕೆಲಸ ಇಷ್ಟು. ಕೊಂಬಿನವರು ಮತ್ತು ವಾಲಗದವರು ವಾದ್ಯ ಚೆನ್ನಾಗಿ ಬಿಸಿಯಾಗುವವರೆಗೆ ಹತ್ತು ನಿಮಿಷ ನುಡಿಸಲಿ, ಏಕೆಂದರೆ ಊದುವ ವಾದ್ಯಗಳ ಶ್ರುತಿ ಒಳಗಿನ ಗಾಳಿ ಬೆಚ್ಚಗಾದಂತೆ ಮೇಲೇರುತ್ತದೆ. ಬಳಿಕ ಮೊಬೈಲಿನ ಟ್ಯೂನರಿನಲ್ಲಿ ಅವರ ಷಡ್ಜವನ್ನು ಅಳೆದು, 440ರ ಲೆಕ್ಕದಿಂದ ಅದು ಎಷ್ಟು ಸೆಂಟ್ ಆಚೀಚೆ ಇದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಒಂದು ಅರ್ಧಸ್ವರಕ್ಕೆ 100 ಸೆಂಟ್. ಟ್ಯೂನರಿನ ಮೂಲ ಅಳತೆಯನ್ನೇ ಅದಕ್ಕೆ ತಕ್ಕಂತೆ ಬದಲಿಸಿ, ಗಿಟಾರು, ಬೇಸು ಮತ್ತು ಪಿಟೀಲುಗಳನ್ನು ಆ ಅಳತೆಗೆ ಕೂಡಿಸಿಕೊಳ್ಳಿ. ಕೀಬೋರ್ಡುಗಳಲ್ಲಿಯೂ ಒಟ್ಟು ಶ್ರುತಿಯನ್ನು ಸೆಂಟಿನ ಲೆಕ್ಕದಲ್ಲಿ ಏರಿಳಿಸುವ ಸೌಲಭ್ಯವಿರುತ್ತದೆ. ಹಾರ್ಮೋನಿಯಂ ಮಾತ್ರ ಹೀಗೆ ಬಗ್ಗುವುದಿಲ್ಲವಾದ್ದರಿಂದ, ಕೊಂಬಿರುವ ಹಾಡುಗಳಲ್ಲಿ ಅದನ್ನು ಬದಿಗಿಡಬೇಕಾಗುತ್ತದೆ. ನಮ್ಮ ಹಾರ್ಮೋನಿಯಂ ಗೆಳೆಯನಿಗೆ ಇದು ಬಹಳ ನೋವು ಕೊಟ್ಟಿತು. ಆತ ಈಗ ಸೋಬಾನೆಯ ಹಾಡುಗಳಲ್ಲಿ ನುಡಿಸುತ್ತಾನೆ, ಉಳಿದವುಗಳಲ್ಲಿ ತಾಳ ಹಿಡಿಯುತ್ತಾನೆ.

ಇನ್ನು ಕಂಠದ ಮಾತು. ವಯಸ್ಸು ಐವತ್ತು ದಾಟಿದ ಮೇಲೆ ಬಹಳ ಮಂದಿಯ ದನಿ ಒಂದೆರಡು ಅರ್ಧಸ್ವರ ಕೆಳಗಿಳಿದಿರುತ್ತದೆ, ಆದರೂ ನಾವು ಮೂವತ್ತರ ವಯಸ್ಸಿನಲ್ಲಿ ಹಾಡುತ್ತಿದ್ದ ಶ್ರುತಿಯನ್ನೇ ಹೆಮ್ಮೆಯಿಂದ ಹಿಡಿದುಕೊಂಡಿರುತ್ತೇವೆ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದವರು ಈಗ ಅದಕ್ಕಿಂತ ಒಂದು ಮನೆ ಕೆಳಗೆ ನಿರಾಳವಾಗಿ ಹಾಡಬಲ್ಲರಾದರೆ ಅಲ್ಲಿಯೇ ಹಾಡಲಿ. ಕೊಂಬಿನ ಶ್ರುತಿ ಕಂಠಕ್ಕೆ ಹೊಂದದಿದ್ದಾಗ ಅವೆರಡನ್ನೂ ಒಂದೇ ಹಾಡಿನಲ್ಲಿ ಒತ್ತಾಯದಿಂದ ಬೆರೆಸಬೇಡಿ. ಕೊಂಬು ಮತ್ತು ವಾಲಗ ಹಾಡಿಗೆ ಮುನ್ನ ಹಾಗೂ ಹಾಡಿನ ಬಳಿಕ ಬರಲಿ, ಅವುಗಳ ಕೊನೆಯ ಸ್ವರದಿಂದ ಪಿಟೀಲಿನವರು ನಿಧಾನವಾಗಿ ಹಾಡಿನ ಶ್ರುತಿಗೆ ಇಳಿದು ದಾರಿ ಮಾಡಿಕೊಡಲಿ. ಇದನ್ನು ಸರಿಯಾಗಿ ಕೂಡಿಸಲು ನಮಗೆ ಎರಡು ತಿಂಗಳು ಹಿಡಿಯಿತು. ನಮ್ಮ ಕಾರ್ಯಕ್ರಮದಲ್ಲಿ ಕೇಳುಗರು ಅತಿ ಹೆಚ್ಚು ನಿಶ್ಶಬ್ದವಾಗುವುದೂ ಆ ಇಳಿಜಾರಿನಲ್ಲಿಯೇ.

ದುಡಿಯ ಚರ್ಮ ಇನ್ನೊಂದು ಸಮಸ್ಯೆಯನ್ನು ತರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಗಾಳಿಯ ತೇವವನ್ನು ಹೀರಿದ ಚರ್ಮ ಸಡಿಲಗೊಂಡು ದನಿ ಮಂಕಾಗುತ್ತದೆ. ಒಲೆಯ ಬೆಂಕಿಯಿಂದ ಒಂದು ಮೊಳ ದೂರದಲ್ಲಿ ಹಿಡಿದು, ತಿರುಗಿಸುತ್ತಾ ಕಾಯಿಸುವುದು ಹಿರಿಯರ ಕ್ರಮ. ಬೆಂಕಿ ಸಿಗದ ಸಭಾಂಗಣಗಳಿಗೆ ನಾವು ತಲೆಗೂದಲು ಒಣಗಿಸುವ ಯಂತ್ರವೊಂದನ್ನು ಒಯ್ಯುತ್ತೇವೆ, ಆದರೆ ಅದನ್ನು ಹತ್ತಿರ ಹಿಡಿದರೆ ಚರ್ಮ ಒಮ್ಮೆಗೇ ಬಿಗಿದು ಬಿರಿಯುವ ಭಯವಿರುವುದರಿಂದ ಕಡಿಮೆ ಶಾಖದಲ್ಲಿ ದೂರದಿಂದ ಹಿಡಿಯಬೇಕು. ಗಿಟಾರಿನ ಮರಕ್ಕೂ ಈ ತೇವ ಒಳ್ಳೆಯದಲ್ಲ; ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಬಣ್ಣ ತಿರುಗಿದಾಗ ಬದಲಿಸುತ್ತಿರಿ.

ಹಾಡುಗಳ ಆಯ್ಕೆ ಮತ್ತು ಅಪ್ಪಣೆ

ಕೊಡವ ಹಾಡುಗಳಿಗೆ ನಮಗಿರುವ ದೊಡ್ಡ ಆಧಾರವೆಂದರೆ ನಡಿಕೇರಿಯಂಡ ಚಿಣ್ಣಪ್ಪನವರು ಮನೆ ಮನೆ ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’. ಅವರು 1931ರಲ್ಲಿ ತೀರಿಕೊಂಡರು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಮರಣದ ಬಳಿಕ 60 ವರ್ಷಗಳವರೆಗೆ ಮಾತ್ರ ಹಕ್ಕು ಉಳಿಯುವುದರಿಂದ, ಆ ಪಠ್ಯವನ್ನು ಹಾಡಲು ಕಾನೂನಿನ ಅಡ್ಡಿಯಿಲ್ಲ. ಆದರೆ ಈಚೆಗೆ ಯಾರೋ ಮಾಡಿದ ಅನುವಾದಕ್ಕೆ, ಹೊಸದಾಗಿ ಕೂಡಿಸಿದ ಧಾಟಿಗೆ ಮತ್ತು ಧ್ವನಿಮುದ್ರಣಕ್ಕೆ ಅವರವರ ಹಕ್ಕು ಇರುತ್ತದೆ. ಕ್ಯಾಸೆಟ್ಟಿನಲ್ಲಿ ಕೇಳಿದ ಧಾಟಿಯನ್ನು ಜನಪದವೆಂದು ಭಾವಿಸಿ ಎತ್ತಿಕೊಂಡರೆ ಮುಂದೆ ತೊಂದರೆಯಾಗಬಹುದು, ಹಾಡು ಎಲ್ಲಿಂದ ಬಂತೆಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು.

ಕಾನೂನು ತಡೆಯದ ಕಡೆ ಮರ್ಯಾದೆ ತಡೆಯುತ್ತದೆ. ಪಾಟ್‌ಗಳಲ್ಲಿ ದೇಶಕಟ್ಟ್ ಪಾಟ್ ಉಂಟು, ಮದುವೆಯ ಮಂಗಲ ಪಾಟ್ ಉಂಟು, ಪುತ್ತರಿ ಎಂಬ ಸುಗ್ಗಿಹಬ್ಬದ ಪಾಟ್ ಉಂಟು, ಸಾವಿನ ಮನೆಯಲ್ಲಿ ಮಾತ್ರ ಹಾಡುವ ಚಾವು ಪಾಟ್ ಉಂಟು. ಚಾವು ಪಾಟ್‌ನ ರಾಗ ಎದೆಯನ್ನು ಕಲಕುವಂಥದ್ದಾದ್ದರಿಂದ ಸಂಗೀತಗಾರರಿಗೆ ಅದರ ಮೇಲೆ ಕಣ್ಣು ಬೀಳುವುದು ಸಹಜ. ಅದನ್ನು ವೇದಿಕೆಗೆ ತರಬೇಡಿರೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ತಂದೆಯನ್ನೋ ತಾಯಿಯನ್ನೋ ಕಳುಹಿಸಿಕೊಟ್ಟ ದಿನ ಆ ಹಾಡು ಕೇಳಿದವರು ಸಭೆಯಲ್ಲಿ ಕುಳಿತಿರುತ್ತಾರೆ. ದೇವರ ಮೇಲಿನ ಹಾಡುಗಳನ್ನು ಎತ್ತಿಕೊಳ್ಳುವ ಮೊದಲು ಆ ದೇವಸ್ಥಾನದ ತಕ್ಕಮುಖ್ಯಸ್ಥರನ್ನು ಕಂಡು ಅಪ್ಪಣೆ ಕೇಳಿರಿ. ಒಂದು ಒಕ್ಕದ, ಅಂದರೆ ಮನೆತನದ, ಪೂರ್ವಿಕರ ಕಥೆಯಿರುವ ಹಾಡಾದರೆ ಅವರ ಮೂಲಮನೆಯಾದ ಐನ್‌ಮನೆಗೆ ಹೋಗಿ ಹಿರಿಯರ ಎದುರು ಒಮ್ಮೆ ಹಾಡಿ ತೋರಿಸಿರಿ. ನಾವು ಹೀಗೆ ಹೋದ ಕಡೆ ಅಪ್ಪಣೆಯ ಜೊತೆಗೆ ನಮಗೆ ಗೊತ್ತಿಲ್ಲದ ಹನ್ನೆರಡು ಸಾಲುಗಳೂ ದೊರೆತವು. ಯರವರ, ಕುರುಬರ ಹಾಡುಗಳ ವಿಷಯದಲ್ಲಿ ನಮ್ಮ ತಂಡದ ನಿಲುವು ಇನ್ನೂ ಸರಳ: ಅವರು ತಂಡದಲ್ಲಿ ಇಲ್ಲದಿದ್ದರೆ ಅವರ ಹಾಡು ನಮ್ಮ ಪಟ್ಟಿಯಲ್ಲಿ ಇಲ್ಲ.

ಸಾಹಿತ್ಯವನ್ನು ಬರೆದುಕೊಳ್ಳುವಾಗ ಒಂದು ಎಚ್ಚರ ಬೇಕು. ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕನ್ನಡ ಲಿಪಿ ಪೂರ್ತಿಯಾಗಿ ಹಿಡಿಯಲಾರದ ನಡುನಾಲಗೆಯ ಸ್ವರಗಳಿವೆ. ಕಾಗದ ನೋಡಿ ಕಲಿತ ಹಿಮ್ಮೇಳದವರು ಅವುಗಳನ್ನು ಕನ್ನಡದ ಇಕಾರ ಎಕಾರಗಳಂತೆ ಹಾಡಿದಾಗ, ಆ ಭಾಷೆಯವರ ಕಿವಿಗೆ ಕಲ್ಲು ಸಿಕ್ಕ ಅನ್ನದಂತಾಗುತ್ತದೆ. ಆದುದರಿಂದ ಹಿರಿಯರ ದನಿಯಲ್ಲಿ ಸಾಲು ಸಾಲಾಗಿ ಮಾತಿನ ರೂಪದಲ್ಲಿ ಒಮ್ಮೆ, ಹಾಡಿನ ರೂಪದಲ್ಲಿ ಒಮ್ಮೆ ಮೊಬೈಲಿನಲ್ಲಿ ಮುದ್ರಿಸಿಕೊಂಡು, ಅದನ್ನು ಕೇಳಿಯೇ ಕಲಿಯಬೇಕು.

ಅಳತೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ‘ಬಾಳೋ ಬಾಳೋ’ ಎಂದು ಮತ್ತೆ ಮತ್ತೆ ಮರಳುತ್ತಾ ಸಾಗುವ ಕಥನಗಳು ನೂರಾರು ಸಾಲು ಬೆಳೆಯುತ್ತವೆ, ವೇದಿಕೆಯಲ್ಲಿ ಒಂದು ಹಾಡಿಗೆ ಎಂಟು ಹತ್ತು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಎಲ್ಲಿ ಕತ್ತರಿಸಬೇಕೆಂಬುದನ್ನು ಗಿಟಾರಿನವರು ರಾಗದ ಅನುಕೂಲ ನೋಡಿ ತೀರ್ಮಾನಿಸಬಾರದು. ಇಡೀ ಕಥೆಯನ್ನು ಹಿರಿಯರು ಒಮ್ಮೆ ಬಿಡುವಾಗಿ ಹಾಡಲಿ, ಉಳಿದವರು ವಾದ್ಯ ಮುಟ್ಟದೆ ಕೇಳಲಿ. ಆಮೇಲೆ ಅವರೇ ಒಂದು ಪ್ರಸಂಗವನ್ನು ಆರಿಸಿಕೊಡಲಿ. ಹಾಡಿಗೆ ಮುಂಚೆ ಕಥೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಸಭೆಗೆ ಹೇಳಿದರೆ, ಕತ್ತರಿಸಿದ ಗಾಯ ಕಾಣಿಸುವುದಿಲ್ಲ.

ವೇಗವನ್ನು ಮೆಟ್ರೋನೋಮಿಗೆ, ಅಂದರೆ ತಾಳ ಎಣಿಸುವ ಯಂತ್ರಕ್ಕೆ, ಕಟ್ಟಬೇಡಿ. ವಾಲಗದ ಕುಣಿತದ ಗತ್ತಿನಲ್ಲಿ ಆರರ ಎಣಿಕೆಯ ಒಂದು ತೂಗು ಇರುತ್ತದೆ. ಅದು ಕುಣಿಯುವವರ ಮೈಯಿಂದ ಬಂದದ್ದಾದ್ದರಿಂದ ಕುಣಿತ ಏರಿದಂತೆ ತಾನೂ ಏರುತ್ತದೆ. ನಮ್ಮ ದುಡಿಯ ಹಿರಿಯರು ಕಥೆ ಬಿಗಿಯಾದಾಗ ವೇಗ ಹೆಚ್ಚಿಸುತ್ತಾರೆ, ದುಃಖದ ತಿರುವಿನಲ್ಲಿ ಪೂರ್ತಿ ನಿಲ್ಲಿಸಿಯೂ ಬಿಡುತ್ತಾರೆ. ಒಮ್ಮೆ ನಾನು, “ಮಾವ, ಇಲ್ಲಿ ಸ್ವಲ್ಪ ಬೇಗ ಹೋಗೋಣವಾ?” ಎಂದು ಕೇಳಿದೆ. ಅವರು ದುಡಿಯ ಕೋಲನ್ನು ಕೆಳಗಿಟ್ಟು, “ಕಥೆಯ ಹುಡುಗಿ ಇನ್ನೂ ಹೊಳೆ ದಾಟಿಲ್ಲ ಮಗಾ, ನೀನು ಆಗಲೇ ಆಚೆ ದಡದಲ್ಲಿ ನಿಂತಿದ್ದೀಯಲ್ಲ” ಎಂದರು. ಅಂದಿನಿಂದ ಅವರು ಹಾಡುವಾಗ ನಾನು ಅವರ ಕೈಯನ್ನು ನೋಡುತ್ತಾ ನುಡಿಸುತ್ತೇನೆ.

ಅಭ್ಯಾಸದ ಕಾಲ ಮತ್ತು ಜಾಗ

ಕೊಡಗಿನಲ್ಲಿ ಅಭ್ಯಾಸದ ಪಂಚಾಂಗವನ್ನು ಕಾಫಿ ಮತ್ತು ಮಳೆ ಬರೆಯುತ್ತವೆ. ನವೆಂಬರಿನಿಂದ ಅರೇಬಿಕಾ, ಹೊಸ ವರ್ಷದ ಬಳಿಕ ರೊಬಸ್ಟಾ ಕೊಯ್ಲು ನಡೆಯುವುದರಿಂದ ಮಾರ್ಚಿನವರೆಗೆ ತೋಟದ ಕೆಲಸವಿರುವವರನ್ನು ನಿಯಮಿತವಾಗಿ ಕರೆಯಲಾಗದು. ಏಪ್ರಿಲ್, ಮೇ ತಿಂಗಳುಗಳು ಮದುವೆಗಳ ಕಾಲ, ವಾಲಗದವರು ಆಗ ಸಿಗುವುದಿಲ್ಲ. ಉಳಿಯುವುದು ಮಳೆಗಾಲ. ಅದರಲ್ಲಿಯೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಶುಭಕಾರ್ಯಗಳು ನಡೆಯುವುದಿಲ್ಲವಾದ್ದರಿಂದ ಎಲ್ಲರೂ ಬಿಡುವಾಗಿರುತ್ತಾರೆ. ನಮ್ಮ ತಂಡದ ಮೂಲ ಅಭ್ಯಾಸವೆಲ್ಲ ಕಕ್ಕಡದಲ್ಲಿಯೇ ನಡೆದದ್ದು. ಆಗಸ್ಟ್ 3ರಂದು, ಕಕ್ಕಡದ ಹದಿನೆಂಟನೆಯ ದಿನ, ಮದ್ದುಸೊಪ್ಪಿನ ಪಾಯಸ ತಿನ್ನುತ್ತಾ ಹಾಡುಗಳ ಪಟ್ಟಿಯನ್ನು ಅಂತಿಮಗೊಳಿಸಿದೆವು.

ಜಾಗಕ್ಕೆ ತೋಟದ ಗೋದಾಮು ಬಹಳ ಅನುಕೂಲ. ಕಾಫಿ ತುಂಬಿದ ಗೋಣಿಚೀಲಗಳ ಸಾಲು ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಗೋದಾಮು ಖಾಲಿಯಾದ ಮಳೆಗಾಲದಲ್ಲಿ ಮಾತ್ರ ಗೋಡೆಗಳು ಪ್ರತಿಧ್ವನಿಸುತ್ತವೆ. ಆಗ ಎರಡು ಗೋಡೆಗಳಿಗೆ ದಪ್ಪ ಕಂಬಳಿಗಳನ್ನು ತೂಗುಹಾಕಿದರೆ ಸಾಕಾಗುತ್ತದೆ. ತಗಡಿನ ಮಾಡಿನ ಕೆಳಗೆ ಜಡಿಮಳೆಯ ಸದ್ದಿನಲ್ಲಿ ಸೂಕ್ಷ್ಮ ಕೆಲಸ ಸಾಧ್ಯವಿಲ್ಲವಾದ್ದರಿಂದ ಧ್ವನಿಮುದ್ರಣವನ್ನು ಅಕ್ಟೋಬರಿಗೆ ಮುಂದೂಡಿರಿ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಯ ಕಡೆಯವರು ತಂಡದಲ್ಲಿದ್ದರೆ ಅಭ್ಯಾಸವನ್ನು ಮಧ್ಯಾಹ್ನವೇ ಮುಗಿಸಬೇಕು. ಕತ್ತಲಾದ ಮೇಲೆ ತೋಟದ ದಾರಿಗಳಲ್ಲಿ ಆನೆಗಳಿರುತ್ತವೆ, ಸ್ಕೂಟರಿನ ಹಿಂದೆ ವಾದ್ಯ ಕಟ್ಟಿಕೊಂಡ ಮನುಷ್ಯ ಓಡಿ ತಪ್ಪಿಸಿಕೊಳ್ಳಲಾರ.

ಅಭ್ಯಾಸದ ಕ್ರಮದಲ್ಲಿ ನಮಗೆ ಹೆಚ್ಚು ಉಪಕಾರ ಮಾಡಿದ್ದು ಸುಮ್ಮನಿರುವ ಅಭ್ಯಾಸ. ಪ್ರತಿ ಹಾಡನ್ನೂ ಮೊದಲು ದುಡಿ ಮತ್ತು ಕಂಠ ಮಾತ್ರ ಹಾಡುತ್ತವೆ. ಎರಡನೆಯ ಸುತ್ತಿನಲ್ಲಿ ಒಂದೇ ಒಂದು ವಾದ್ಯ ಸೇರುತ್ತದೆ. ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋಗಿ, ಯಾವ ಹಂತದಲ್ಲಿ ಹಾಡಿನ ಮಾತು ಕೇಳಿಸದಾಯಿತೋ ಅಲ್ಲಿಗೆ ನಿಲ್ಲಿಸಿ, ಕೊನೆಗೆ ಸೇರಿದ ವಾದ್ಯವನ್ನು ತೆಗೆಯುತ್ತೇವೆ. ನಮ್ಮ ಮೂರು ಹಾಡುಗಳಲ್ಲಿ ಗಿಟಾರ್ ಇಲ್ಲವೇ ಇಲ್ಲ. ಮೂವತ್ತು ವರ್ಷ ನುಡಿಸಿದವನಿಗೆ ವೇದಿಕೆಯ ಮೇಲೆ ಕೈಕಟ್ಟಿ ಕುಳಿತುಕೊಳ್ಳುವುದು ಮೊದಲಲ್ಲಿ ಅವಮಾನದಂತೆ ಕಂಡಿತ್ತು. ಈಗ ಆ ಮೂರು ಹಾಡುಗಳನ್ನು ನಾನು ಸಭೆಯಲ್ಲಿ ಕುಳಿತವರಷ್ಟೇ ಆಸೆಯಿಂದ ಕೇಳುತ್ತೇನೆ. ಪ್ರತಿ ಅಭ್ಯಾಸವನ್ನೂ ಮೊಬೈಲಿನಲ್ಲಿ ಮುದ್ರಿಸಿ, ಅದೇ ದಿನ ಕೇಳದೆ ಮರುದಿನ ಕೇಳಬೇಕು. ಚರ್ಚೆಯಲ್ಲಿ ಇಬ್ಬರು ಒಪ್ಪದಿದ್ದಾಗ, ಆ ಹಾಡನ್ನು ತಂಡಕ್ಕೆ ತಂದವರ ಮಾತೇ ಕೊನೆಯದು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಗೆಳೆತನ ಉಳಿಯುತ್ತದೆ.

ಧ್ವನಿವರ್ಧಕದ ಮುಂದೆ

ದುಡಿಗೆ ಶ್ಯೂರ್ ಎಸ್‌ಎಂ57 ಬಗೆಯ ಡೈನಮಿಕ್ ಮೈಕನ್ನು ಕೋಲು ಬೀಳುವ ಮುಖದಿಂದ ಒಂದು ಗೇಣಿಗಿಂತ ತುಸು ಹತ್ತಿರ ಇಡಬೇಕು. ವಾಲಗದ ಬಾಯಿಗೆ ನೇರವಾಗಿ ಮೈಕ್ ಇಡುವುದು ಸಾಮಾನ್ಯ ತಪ್ಪು. ಅದರ ನಾದ ಬೆರಳ ರಂಧ್ರಗಳಿಂದಲೂ ಹೊರಡುವುದರಿಂದ ಒಂದೂವರೆ ಅಡಿ ದೂರದಲ್ಲಿ, ಸ್ವಲ್ಪ ಮೇಲಿನಿಂದ ವಾದ್ಯದ ಮೈಯತ್ತ ತಿರುಗಿಸಿಡಬೇಕು. ಕೊಂಬಿಗೆ ಮೈಕೇ ಬೇಡ, ಊದುವ ಹೊತ್ತಿಗೆ ಕೊಂಬಿನವರು ವೇದಿಕೆಯ ಹಿಂಬದಿಯ ಮೂಲೆಗೆ ಹೋಗಿ ನಿಂತು ಊದಿದರೆ ಕೊನೆಯ ಸಾಲಿನವರಿಗೂ ಕೇಳಿಸುತ್ತದೆ. ಪಿಟೀಲಿನ ಚಿಕ್ಕ ಕಂಡೆನ್ಸರ್ ಮೈಕಿಗೆ ಮೈಕಿನ ತಂತಿಯಲ್ಲಿಯೇ ಹರಿದುಬರುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಬೇಕಾಗುವುದರಿಂದ ಬಾಡಿಗೆಯ ಮಿಕ್ಸರಿನಲ್ಲಿ ಅದಿದೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ನುಡಿಸುವವರಿಗೆ ತಮ್ಮ ಸದ್ದು ಕೇಳಿಸುವ ಮಾನಿಟರ್ ಸ್ಪೀಕರುಗಳನ್ನು, ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕುಗಳ ಬೆನ್ನಿನ ಕಡೆಗಿಟ್ಟರೆ ಶಿಳ್ಳೆ ಹೊಡೆಯುವುದು ಬಹಳ ಕಡಿಮೆಯಾಗುತ್ತದೆ.

ನೆಲ ಸದಾ ಒದ್ದೆಯಿರುವ ನಮ್ಮ ಊರುಗಳಲ್ಲಿ ಅರ್ತಿಂಗ್ ಸರಿಯಿಲ್ಲದ ಜನರೇಟರಿನಿಂದ ಗಿಟಾರ್ ಹಿಡಿದ ಕೈಗೂ ಮೈಕಿಗೆ ತಾಗಿದ ತುಟಿಗೂ ಹೊಡೆತ ಬೀಳುವ ಅಪಾಯ ನಿಜವಾದುದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಅಳವಡಿಸಿದ ಒಂದು ವಿದ್ಯುತ್ ಪೆಟ್ಟಿಗೆಯನ್ನು ತಂಡದ ಸ್ವಂತ ಖರ್ಚಿನಲ್ಲಿ ಮಾಡಿಸಿ, ಎಲ್ಲ ವಾದ್ಯಗಳಿಗೂ ಅದರ ಮೂಲಕವೇ ಸಂಪರ್ಕ ಕೊಡಿರಿ. ನಾವು ಕೊಂಡ ಮೊದಲ ಉಪಕರಣ ಅದು. ಇನ್ನು ವಯಸ್ಸಾದವರ ಕಿವಿಯ ಬಗ್ಗೆ ಒಂದು ಮಾತು: 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಆ ಅವಧಿ ಅರ್ಧರ್ಧವಾಗುತ್ತಾ ಹೋಗಿ 94ಕ್ಕೆ ಒಂದೇ ಗಂಟೆಗೆ ಇಳಿಯುತ್ತದೆ. ಕೊಂಬಿನ ಪಕ್ಕದಲ್ಲಿ ಕೂರುವವರು ಇಯರ್‌ಪ್ಲಗ್ ಧರಿಸಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಬಯಲು ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಅನ್ವಯಿಸುತ್ತದೆ, ಪೊಲೀಸ್ ಠಾಣೆಯ ಅನುಮತಿಯನ್ನು ಸಂಘಟಕರು ಪಡೆದಿದ್ದಾರೆಯೇ ಎಂಬುದನ್ನು ನೀವೇ ಖಚಿತಪಡಿಸಿಕೊಳ್ಳಿ.

ಹಣ ಮತ್ತು ಕಾಗದ

ನಮ್ಮ ಮೊದಲ ತಂಡ ಮುರಿದದ್ದು ಹಣದಿಂದ, ಮತ್ತು ತಪ್ಪು ನಮ್ಮದೇ ಆಗಿತ್ತು. ಒಂದು ರೆಸಾರ್ಟಿನಲ್ಲಿ ಕಾರ್ಯಕ್ರಮ ಸಿಕ್ಕಿತು. ಗಿಟಾರ್, ಕೀಬೋರ್ಡ್, ಡ್ರಮ್ಸಿನ ನಾವು ನಾಲ್ವರು ಬಂದ ಹಣವನ್ನು ಸಮನಾಗಿ ಹಂಚಿಕೊಂಡೆವು. ವಾಲಗದ ಇಬ್ಬರಿಗೆ ಮದುವೆಮನೆಯ ದಿನಗೂಲಿಯ ಲೆಕ್ಕದಲ್ಲಿ ಕೊಟ್ಟು, ಅದು ವಾಡಿಕೆ ಎಂದುಕೊಂಡೆವು. ಅಂದು ಅತಿಥಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದ್ದು ಅವರ ಊದುವಿಕೆಗೆ. ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡ ಅವರು ಮುಂದಿನ ಅಭ್ಯಾಸಕ್ಕೆ ಬರಲಿಲ್ಲ. ಮನೆಗೆ ಹೋಗಿ ಕರೆದಾಗಲೂ ಒಂದು ಕಟುವಾದ ಮಾತಾಡಲಿಲ್ಲ, ಚಹಾ ಕೊಟ್ಟು ಕಳುಹಿಸಿದರು. ಆ ವಾದ್ಯಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸಮುದಾಯಗಳಿಗೆ ಸಭೆಯಲ್ಲಿ ಕುರ್ಚಿಯೂ ಸಿಗದ ಕಾಲವಿತ್ತೆಂಬುದು ನನಗೆ ಗೊತ್ತಿದ್ದೂ, ಅದೇ ಅಳತೆಯಿಂದ ನಾನು ಹಣ ಎಣಿಸಿದ್ದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಆದ್ದರಿಂದ ಎರಡನೆಯ ತಂಡದಲ್ಲಿ ಮೊದಲ ಅಭ್ಯಾಸಕ್ಕೂ ಮುನ್ನ ಹಂಚಿಕೆಯ ಕ್ರಮವನ್ನು ಒಂದು ಪುಟದಲ್ಲಿ ಬರೆದು, ಓದಲು ಕಷ್ಟವಾದವರಿಗೆ ಓದಿ ಹೇಳಿ, ಎಲ್ಲರೂ ಸಹಿ ಹಾಕಿದೆವು. ಉದಾಹರಣೆಗೆ ಒಂದು ಕಾರ್ಯಕ್ರಮಕ್ಕೆ 30,000 ರೂಪಾಯಿ ಬಂದರೆ, ವಾಹನಕ್ಕೆ 4,000 ಮತ್ತು ಊಟಕ್ಕೆ 2,000 ಕಳೆದು ಉಳಿದ 24,000ದಲ್ಲಿ ಹತ್ತನೆಯ ಒಂದು ಭಾಗವಾದ 2,400ನ್ನು ವಾದ್ಯಗಳ ದುರಸ್ತಿ ನಿಧಿಗೆ ಹಾಕಿ, 21,600ನ್ನು ಆರು ಜನರಿಗೆ ತಲಾ 3,600ರಂತೆ ಹಂಚುವುದು. ಕಾರ್ಯಕ್ರಮ ಹಿಡಿದುಕೊಟ್ಟವರಿಗೆ, ಧ್ವನಿವ್ಯವಸ್ಥೆ ತಂದವರಿಗೆ, ತಂಡ ಕಟ್ಟಿದವರಿಗೆ ಪ್ರತ್ಯೇಕ ಪಾಲು ಇಲ್ಲ. ಧ್ವನಿಮುದ್ರಣದಿಂದ ಮುಂದೆ ಏನೇ ಬಂದರೂ ಅದೇ ಲೆಕ್ಕ. ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಕಾನೂನು 50 ವರ್ಷಗಳ ಹಕ್ಕು ಕೊಡುತ್ತದೆ. ಹಿರಿಯರು ತೀರಿಕೊಂಡರೆ ಅವರ ಪಾಲು ಯಾರಿಗೆ ಸಲ್ಲಬೇಕೆಂಬುದನ್ನು ಅವರಿಂದಲೇ ಬರೆಸಿಕೊಳ್ಳುವುದು ಕಷ್ಟದ ಕೆಲಸವಾದರೂ ಮಾಡಲೇಬೇಕಾದದ್ದು.

ತಂಡವನ್ನು ಸಂಘವಾಗಿ ನೋಂದಾಯಿಸುವ ಮನಸ್ಸಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಕನಿಷ್ಠ ಏಳು ಸದಸ್ಯರು ಬೇಕು. ಮೊದಲ ವರ್ಷ ಅದರ ಅವಸರವಿಲ್ಲ. ಆದರೆ ಪ್ರತಿ ಕಾರ್ಯಕ್ರಮದ ಆಹ್ವಾನಪತ್ರ, ಫೋಟೋ, ಪತ್ರಿಕಾ ವರದಿ ಮತ್ತು ಪ್ರಶಂಸಾಪತ್ರಗಳನ್ನು ಹಿರಿಯ ಕಲಾವಿದರ ಹೆಸರಿನಲ್ಲಿ ಒಂದೊಂದು ಕಡತ ಮಾಡಿ ಇಡಿರಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಇಂತಹ ದಾಖಲೆಗಳಿಲ್ಲದೆ ಅವರು ಅಲೆದಾಡುತ್ತಾರೆ.

ಮೊದಲ ಕಾರ್ಯಕ್ರಮ

ಮೊದಲ ಕಾರ್ಯಕ್ರಮ ಹಾಡು ಬಲ್ಲವರ ಎದುರೇ ಆಗಲಿ. ಊರಿನ ಶಾಲೆಯ ಅಂಗಳ ಅಥವಾ ಸಮಾಜದ ಸಭಾಂಗಣದಲ್ಲಿ ಆರು ಹಾಡುಗಳು, ನಲವತ್ತು ನಿಮಿಷ, ಅಷ್ಟು ಸಾಕು. ಪುತ್ತರಿಯ ಸಮಯದಲ್ಲಿ ಮಂದ್‌ನಲ್ಲಿಯೇ ನುಡಿಸೋಣವೆಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಮಂದ್ ಕೋಲಾಟದ ಜಾಗ, ಅಲ್ಲಿಗೆ ವಿದ್ಯುತ್ ತಂತಿ ಎಳೆದುಕೊಂಡು ಹೋಗುವ ಅಗತ್ಯವಿಲ್ಲ; ಅಲ್ಲಿಗೆ ನಾವು ಕೇಳಲು ಹೋಗಬೇಕು. ಮಡಿಕೇರಿ ದಸರಾದ ಗಾಂಧಿ ಮೈದಾನದ ವೇದಿಕೆ, ಗೋಣಿಕೊಪ್ಪದ ದಸರಾ, ಕೊಡವ ಸಾಹಿತ್ಯ ಅಕಾಡೆಮಿ ಹಾಗೂ ಅರೆಭಾಷೆ ಅಕಾಡೆಮಿಯ ಕಾರ್ಯಕ್ರಮಗಳು, ಮಡಿಕೇರಿ ಆಕಾಶವಾಣಿ, ಇವೆಲ್ಲ ಎರಡನೆಯ ವರ್ಷಕ್ಕೆ ಇರಲಿ.

ತಂಡದ ಹೆಸರಿಗೆ ಬಹಳ ದಿನ ಕಳೆಯಬೇಡಿ. ದೇವರ ಹೆಸರನ್ನೂ ಒಕ್ಕದ ಹೆಸರನ್ನೂ ಬಿಟ್ಟು, ಎಲ್ಲರ ಬಾಯಿಗೂ ಸಿಗುವ ಚಿಕ್ಕ ಹೆಸರೊಂದನ್ನು ಇಟ್ಟುಕೊಳ್ಳಿ. ಬ್ಯಾನರಿನಲ್ಲಿ ಮತ್ತು ನಿರೂಪಣೆಯಲ್ಲಿ ದುಡಿಯವರ, ವಾಲಗದವರ, ಕೊಂಬಿನವರ ಹೆಸರುಗಳು ಮೊದಲು ಬರಲಿ, ಅವರ ಕುರ್ಚಿಗಳು ನಡುವಿರಲಿ.

ನಮ್ಮ ಮೊದಲ ಕಾರ್ಯಕ್ರಮದ ಮರುದಿನ ನಾವು ಮುದ್ರಣವನ್ನು ದುಡಿಯ ಹಿರಿಯರ ಮನೆಗೆ ಒಯ್ದು, ಜಗಲಿಯಲ್ಲಿ ಎಲ್ಲರೂ ಕುಳಿತು ಕೇಳಿದೆವು. ಅವರು ಎರಡು ಕಡೆ ತಲೆಯಾಡಿಸಿದರು, ನಾಲ್ಕು ಕಡೆ ಕೈಯೆತ್ತಿ ನಿಲ್ಲಿಸಲು ಹೇಳಿದರು. ಆ ನಾಲ್ಕು ಜಾಗಗಳನ್ನು ಬರೆದುಕೊಂಡು, ಮುಂದಿನ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿದೆವು.